ನಿಮ್ಮ ಮನೆಯ ಫೋನು

ಚಂದ್ರನ ಲೆಕ್ಕದ ಹತ್ತನೇ ತಿಂಗಳು, ಹುಣ್ಣಿಮೆ ಕಳೆದು ಮೂರನೇ ದಿನ
ಚಿಯಾಂಗ್‌ಕುನ್ ಮೀನುಬಂದರು

ಕಿಮ್ಚೋಕ್ ಅಕ್ಕನಿಗೆ,

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಕಾಗದ ಬಂತೆಂದರೆ ಸಾವಿನ ಸುದ್ದಿ ಅಂತಲೇ ನಮ್ಮ ಕಾಲದವರಿಗೆ ಅಭ್ಯಾಸ, ಅದಕ್ಕೆ ಮೊದಲೇ ಹೇಳಿಬಿಟ್ಟೆ. ಮೊಣಕಾಲೊಂದು ಬಿಟ್ಟರೆ ನಾನು ನೆಟ್ಟಗಿದ್ದೇನೆ.

ಮೂರು ಸಂಜೆಯಿಂದ ಯಾಕೆ ಫೋನು ಮಾಡಲಿಲ್ಲ ಅಂತ ನೀನು ಅಂದುಕೊಂಡಿರುತ್ತೀ. ಅಂದುಕೊಂಡಿಲ್ಲ ಅಂದರೆ ಅದೂ ನನಗೆ ಬೇಜಾರೇ. ನಮ್ಮ ಬುನ್‌ಹೋನ ಚುನಾವಣಾ ಕಚೇರಿಯಿಂದ ಒಬ್ಬ ಹೆಂಗಸು ಬಂದಿದ್ದಳು, ಕೈಯಲ್ಲಿ ಹಣ್ಣಿನ ಬುಟ್ಟಿ. ಹಣ್ಣು ತಂದವರು ಒಳ್ಳೆ ಮಾತು ತರುವುದಿಲ್ಲ ಅಂತ ನನಗೆ ಆಗಲೇ ಅನ್ನಿಸಿತ್ತು. "ಅಮ್ಮಾ, ಈ ಚುನಾವಣೆ ಮುಗಿಯೋ ತನಕ ಪೇಮೆನ್ನಿನ ಆ ಮನೆಗೆ ಫೋನು ಬೇಡ" ಅಂದಳು. ಯಾವ ಮನೆ ಅಂದೆ. "ಅದೇ, ವಕೀಲರ ತಾಯಿ ಮನೆ." ವಕೀಲರು ಅಂದರೆ ನಮ್ಮ ಪೆಖುನ್! ಅವಳ ಹಾಲುಹಲ್ಲನ್ನು ನಾನು ದಾರ ಕಟ್ಟಿ ಕಿತ್ತವಳು. ಈಗ ಅವಳು "ವಕೀಲರು", ನೀನು "ಆ ಮನೆ".

ನನ್ನ ಮಗ, ನಿನ್ನ ಮಗಳು. ಒಂದೇ ಹಸಿರು ಪಕ್ಷ, ಒಂದೇ ಸೀಟು. ಇಬ್ಬರಲ್ಲಿ ಯಾರನ್ನು ನಿಲ್ಲಿಸುವುದು ಅಂತ ಪಕ್ಷದವರು ಚಳಿಗಾಲದಲ್ಲಿ ಮನೆಮನೆಗೆ ಫೋನು ಮಾಡಿ ಕೇಳುತ್ತಾರಂತೆ. ಯಾವ ಮನೆಗೆ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ, ಲಾಟರಿ ಹಾಗೆ. ಅಷ್ಟರಲ್ಲಿ ಇಬ್ಬರು ತಾಯಂದಿರು ಮಾತಾಡಿಕೊಂಡರೆ ಒಳಗಿನ ಗುಟ್ಟು ಆಚೆ ಹೋಗುತ್ತದಂತೆ. ನಮ್ಮಿಬ್ಬರಿಗೆ ಎಂಥ ಗುಟ್ಟು ಅಕ್ಕಾ? ನಿನ್ನ ರಕ್ತದೊತ್ತಡದ ಮಾತ್ರೆ, ನನ್ನ ಸೊಸೆಯ ಅಡುಗೆ. ಮೊಬೈಲಿನಲ್ಲಿ ಮಾತಾಡೋಣ ಅಂದರೆ ಅದನ್ನು ಕೊಡಿಸಿದವಳೂ ಆ ಹೆಂಗಸೇ, ಯಾರಿಗೆ ಮಾಡಿದೆ ಅಂತ ಅದರಲ್ಲಿ ಕಾಣುತ್ತದಂತೆ. ಅದಕ್ಕೆ ಅಂಚೆ.

ನಿನಗೆ ಸಿಟ್ಟು ಬಂದಿದೆ ಅಂತ ನನಗೆ ಹೆದರಿಕೆ. ಬುನ್‌ಹೋ ಮೊನ್ನೆ ವೇದಿಕೆಯ ಮೇಲೆ, "ಊಟ ಹಾಕೋ ತಟ್ಟೆಗೆ ಒದೆಯೋ ಮಕ್ಕಳು ಇರ್ತಾರೆ" ಅಂದನಲ್ಲ. ಅದು ಪೆಖುನ್‌ಗೆ ಅಂದದ್ದು ಅಂತ ಎಲ್ಲರಿಗೂ ಗೊತ್ತಾಯಿತು. ಅವಳ ಕರಪತ್ರದಲ್ಲಿ ಇವನನ್ನು "ಆಚೆ ದಡದ ಚೀನಾದವರ ಏಜೆಂಟು" ಅಂತ ಬರೆದಿತ್ತು, ಅದಕ್ಕೆ ಇವನು ಇದು ಅಂದ. ಮೊದಲು ಯಾರು ಅಂದರು ಅಂತ ನಾನು ಹೇಳುತ್ತಿಲ್ಲ.

ಇನ್ನೊಂದು ಮಾತು. ಚೀನಾದ ಜೊತೆಗಿನ ಈ ವ್ಯಾಪಾರ ಒಪ್ಪಂದದಿಂದ ನಿನ್ನ ಗಂಡನ ಕೊಳದ ಹೂಮೀನನ್ನೆಲ್ಲ ಆಚೆ ದಡದವರು ಮೊದಲೇ ಬೆಲೆ ಹೇಳಿ ಕೊಳ್ಳುತ್ತಾರೆ. ನಿನ್ನ ಮಗಳು ಒಪ್ಪಂದ ಬೇಡ ಅನ್ನುತ್ತಾಳೆ. ಅವರಿಗೆ ಮೀನು ಮುಳ್ಳಿನ ಸಮೇತ ಇಡಿಯಾಗಿ ಮಂಜುಗಟ್ಟಿ ಹೋಗುತ್ತದೆ, ಹಾಗಾಗಿ ಮುಳ್ಳು ತೆಗೆಯುವ ನಮ್ಮ ಶೆಡ್ಡಿಗೆ ಈಗ ದಿನ ಬಿಟ್ಟು ದಿನ ಕೆಲಸ. ನನ್ನ ಮಗ ಒಪ್ಪಂದ ಬೇಕು ಅನ್ನುತ್ತಾನೆ. ಕಡಲು ಕಾಯುವ ಮಾಜು ತಾಯಿ ಮಕ್ಕಳನ್ನು ಹಂಚುವಾಗ ತೊಟ್ಟಿಲು ಅದಲುಬದಲು ಮಾಡಿದಳೋ ಏನೋ.

ನಾನು ಶಾಲೆ ಬಿಟ್ಟು ಶೆಡ್ಡಿಗೆ ಬಂದ ದಿನ ನೀನು ಕೊಟ್ಟ ಚಾಕು ಇನ್ನೂ ನನ್ನ ಹತ್ತಿರವೇ ಇದೆ. ಹಿಡಿಗೆ ಮತ್ತೆ ಬಟ್ಟೆ ಸುತ್ತಿದೆ. ಸಿಟ್ಟಿದ್ದರೆ ಸಿಟ್ಟಿದೆ ಅಂತಲಾದರೂ ಬರೆ.

ನಿನ್ನ ಮಾತಿಗೆ ಕಾಯುವ
ಗ್ವೆಲಿ


ಡಿಸೆಂಬರ್ ೧೫
ಪೇಮೆನ್

ಗ್ವೆಲಿ,

ಸಿಟ್ಟಿಲ್ಲ. ಇದ್ದಿದ್ದರೆ ನಿನಗೆ ತಿಳಿಯುತ್ತಿರಲಿಲ್ಲವೇ? ನನ್ನ ಸಿಟ್ಟು ನಮ್ಮೂರಿಂದ ಬಂದರಿಗೆ ಬಸ್ಸಿಗಿಂತ ಮೊದಲು ಬರುತ್ತದೆ.

ನಮ್ಮ ಮನೆಗೂ ಬಂದಿದ್ದರು. ನಿಮಗೆ ಹಣ್ಣು, ನಮಗೆ ಬರಿಗೈ. ನನ್ನ ಮಗಳ ಕಚೇರಿಯಲ್ಲಿ ಅಷ್ಟು ಬಡತನ. ಬಂದವರು ನಿವೃತ್ತ ಮೇಷ್ಟ್ರು. ಅವರೂ ಅದೇ ಮಾತು, ಬಂದರಿನ ಕೌನ್ಸಿಲರ್ ಬುನ್‌ಹೋನ ತಾಯಿಯ ಜೊತೆ ಬಳಕೆ ಬೇಡ ಅಂತ. ನಾನು ಆಯಿತು ಅಂದೆ. ಮೇಷ್ಟ್ರ ಹತ್ತಿರ ಆಯಿತು ಅನ್ನದೆ ಇನ್ನೇನು ಅನ್ನಲಿ.

ತಟ್ಟೆಗೆ ಒದೆಯುವ ಮಾತು ನನಗೆ ನಾಟಿತು. ಸುಳ್ಳು ಯಾಕೆ ಹೇಳಲಿ. ನಾಟಿದ್ದು ಬುನ್‌ಹೋ ಅಂದ ಅಂತಲ್ಲ. ನನ್ನ ಗಂಡ ಅದೇ ಮಾತನ್ನು ಬೇಸಿಗೆಯಿಂದ ದಿನಾ ಅನ್ನುತ್ತಿದ್ದಾರೆ. ಪೆಖುನ್ ಬಂದರೆ ಊಟಕ್ಕೆ ಕೂರುವುದಿಲ್ಲ, ಕೊಳದ ಗುಡಿಸಲಿಗೆ ಹೋಗುತ್ತಾರೆ. ಆ ಗುಡಿಸಲ ಬಾಗಿಲಿಗೆ ಅವಳ ದೊಡ್ಡ ಚಿತ್ರ ಅಂಟಿಸಿದ್ದೂ ಅವರೇ. ಬೆಳಿಗ್ಗೆ ಮೀನಿಗೆ ಮೇವು ಹಾಕುವ ಮೊದಲು ಚಿತ್ರಕ್ಕೆ ಎರಡು ಬೈಗುಳ ಹಾಕುತ್ತಾರೆ. ಮಳೆ ಬಂದಾಗ ಅದಕ್ಕೆ ಪ್ಲಾಸ್ಟಿಕ್ ಹೊದಿಸಿದರು.

ಅವಳನ್ನು ನಾನೂ ಕೇಳಿದೆ. "ನಿಮ್ಮಪ್ಪನ ಮೀನು ಮಾರಿ ನಿನ್ನನ್ನ ಓದಿಸಿದ್ದು. ಈಗ ಆ ಮೀನಿಗೆ ನೀನೇ ಅಡ್ಡ ನಿಲ್ತೀಯಲ್ಲೇ?" ಅಂದೆ. ಅವಳು ಅಂದಳು: "ಅಮ್ಮಾ, ಅವರು ಕೊಳ್ತಿರೋದು ಮೀನಲ್ಲ. ಇವತ್ತು ನಿನ್ನ ಕೊಳ, ನಾಳೆ ಪುಸ್ತಕ ಅಚ್ಚು ಹಾಕೋ ಪ್ರೆಸ್ಸು, ನಾಡಿದ್ದು ಆಸ್ಪತ್ರೆ. ಒಂದು ದಿನ ಕೊಳ್ಳೋದು ನಿಲ್ಲಿಸ್ತೀವಿ ಅಂತಾರೆ. ಆಗ ಅವರು ಹೇಳಿದಂತೆ ಕೇಳ್ಬೇಕಾಗುತ್ತೆ." ಇರಬಹುದು. ಆದರೆ ಅವರಿಗಿಂತ ಮೊದಲು ಹಾಗೆ ಬೆಲೆ ಹೇಳಿ ಕೊಂಡವರು ಯಾರಿದ್ದರು?

ತೊಟ್ಟಿಲು ಅದಲುಬದಲು ಆಗಿದ್ದರೂ ಈಗ ವಾಪಸು ಕೊಡುವುದಿಲ್ಲ ಬಿಡು. ಬುನ್‌ಹೋಗೆ ಹೇಳು, ಟಿ.ವಿ.ಯಲ್ಲಿ ತೆಳ್ಳಗೆ ಕಂಡ ಅಂತ.

ಕಿಮ್ಚೋಕ್


ಹನ್ನೊಂದನೇ ತಿಂಗಳು, ಚಳಿಹಬ್ಬದ ಮಾರನೇ ದಿನ
ಬಂದರು

ಅಕ್ಕಾ,

ಅಕ್ಕಿಹಿಟ್ಟಿನ ಉಂಡೆ ಮಾಡಿ ನಿನ್ನ ಹೆಸರಿನಲ್ಲಿ ಒಂದು ಬಟ್ಟಲು ಎತ್ತಿಟ್ಟಿದ್ದೆ, ಕಳಿಸುವ ದಾರಿ ಇಲ್ಲದೆ ನಾನೇ ತಿಂದೆ. ಹೊಟ್ಟೆ ಉಬ್ಬರಿಸಿತು. ನಿನ್ನ ಪಾಲು ತಿಂದದ್ದಕ್ಕೋ ಏನೋ.

ಶೆಡ್ಡಿನಲ್ಲಿ ಕೂರುವುದು ಕಷ್ಟವಾಗಿದೆ. ಬಾಯಿ ಬಿಟ್ಟು ಯಾರೂ ಬೈಯುವುದಿಲ್ಲ, ಬೈದಿದ್ದರೆ ಎಷ್ಟೋ ವಾಸಿ. ಮೊನ್ನೆ ಬೆಳಿಗ್ಗೆ ಹೋದರೆ ಮೀನೇ ಬಂದಿರಲಿಲ್ಲ. ಎಲ್ಲರೂ ಏಪ್ರನ್ ಕಟ್ಟಿಕೊಂಡು ಖಾಲಿ ಮೇಜಿನ ಮುಂದೆ ಕೂತಿದ್ದೆವು. ಪಕ್ಕದ ಬೊಂಗ್‌ಚಿ ಇದ್ದಾಳಲ್ಲ, ಮುಂದಿನ ಹಲ್ಲಿಲ್ಲದವಳು, ಅವಳು ಅಂದಳು: "ಗ್ವೆಲೀ, ನಿನ್ನ ಮಗನಿಗೆ ಹೇಳಮ್ಮಾ, ಮೀನಿನ ಜೊತೆ ನಮ್ಮ ಕೈಗಳನ್ನೂ ಮಂಜುಗಟ್ಟಿಸಿ ಆಚೆ ದಡಕ್ಕೆ ಕಳಿಸ್ಲಿ. ಅಲ್ಲಿ ಅವರಿಗೆ ಮುಳ್ಳು ತೆಗೆಯೋಕೆ ಬರಲ್ವಂತೆ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕೈ ನೋಡಿಕೊಂಡು ಕೂತೆ.

ಬುನ್‌ಹೋಗೆ ಇದನ್ನು ಹೇಳಿದೆ. "ಅಮ್ಮಾ, ನಿನಗೆ ಇನ್ನು ಯಾಕೆ ಕೆಲಸ? ಮನೆಯಲ್ಲಿರು, ನಾನು ನೋಡ್ಕೋತೀನಿ" ಅಂದ. ನಾನು ಕೇಳಿದ್ದು ನನಗೆ ಯಾರು ಅನ್ನ ಹಾಕುತ್ತಾರೆ ಅಂತಲ್ಲ. ನನಗೆ ಮಾತು ಜೋಡಿಸಲು ಬರುವುದಿಲ್ಲ. ಅವನಿಗೆ ಬರುತ್ತದೆ, ಅದೇ ನನಗೆ ಭಯ. ಟಿ.ವಿ.ಯಲ್ಲಿ ಕೇಳಿದರು, ಒಪ್ಪಂದ ಬೇಕೋ ಬೇಡವೋ, ಒಂದೇ ಮಾತಲ್ಲಿ ಹೇಳಿ ಅಂತ. "ಮೀನಿನ ಭಾಗ ಇರಬೇಕು, ಉಳಿದ ಭಾಗವನ್ನು ಮತ್ತೆ ನೋಡಬೇಕು" ಅಂದ. ಬೇಸಿಗೆಯಲ್ಲಿ ಎಲ್ಲ ಭಾಗವೂ ಒಳ್ಳೆಯದೇ ಅನ್ನುತ್ತಿದ್ದ. ಯಾವಾಗ ಮತ್ತೆ ನೋಡಿದ, ನನಗೆ ಗೊತ್ತಾಗಲಿಲ್ಲ.

ಈಗ ಕಚೇರಿಯವಳು ಮನೆಮನೆಗೆ ಬಂದು ಫೋನಿಗೆ ಚೀಟಿ ಅಂಟಿಸುತ್ತಿದ್ದಾಳೆ. ವಯಸ್ಸು ಕೇಳಿದರೆ ಇಪ್ಪತ್ತೈದು ಅನ್ನಬೇಕಂತೆ, ಯಾವ ವಯಸ್ಸಿನವರನ್ನು ಎಷ್ಟು ಜನ ಕೇಳಬೇಕು ಅಂತ ಲೆಕ್ಕ ಇದೆಯಂತೆ, ಮುದುಕರದ್ದು ಬೇಗ ತುಂಬಿಹೋಗುತ್ತದಂತೆ. ಬೊಂಗ್‌ಚಿ ನನ್ನ ಮುಂದೆ ಅಭ್ಯಾಸ ಮಾಡಿದಳು. "ಹಲೋ, ನನಗೆ ಇಪ್ಪತ್ತೈದು" ಅಂದರೆ ಗಾಳಿಯೇ ಹೆಚ್ಚು ಬರುತ್ತದೆ. "ಹಲ್ಲು ಯಾಕಿಲ್ಲ ಅಂತ ಕೇಳಿದರೆ?" ಅಂದೆ. "ಇನ್ನೂ ಬಂದಿಲ್ಲ ಅಂತೀನಿ" ಅಂದಳು.

ಅದಿರಲಿ. ಎರಡನೇ ಪ್ರಶ್ನೆಯ ವಿಷಯ ನಿನಗೂ ಹೇಳಿದ್ದಾರಾ? ಅವರು ಎರಡು ಸಲ ಕೇಳುತ್ತಾರಂತೆ. ಬುನ್‌ಹೋನೂ ಎದುರು ಪಕ್ಷದ ನೀಲಿಯವನೂ ನಿಂತರೆ ಯಾರಿಗೆ ಓಟು ಅಂತ ಒಂದು. ಪೆಖುನೂ ಆ ನೀಲಿಯವನೂ ನಿಂತರೆ ಯಾರಿಗೆ ಅಂತ ಇನ್ನೊಂದು. ನೀಲಿಯವನನ್ನು ಯಾರು ಹೆಚ್ಚು ಅಂತರದಲ್ಲಿ ಸೋಲಿಸುತ್ತಾರೋ ಅವರಿಗೆ ಸೀಟಂತೆ. ನನ್ನ ಮಗನಿಗೆ ಲಾಭ ಆಗಬೇಕಾದರೆ ಒಂದಕ್ಕೆ ಬುನ್‌ಹೋ ಅನ್ನಬೇಕು, ಇನ್ನೊಂದಕ್ಕೆ ನೀಲಿಯವನು ಅನ್ನಬೇಕಂತೆ. ಎರಡಕ್ಕೂ ನಮ್ಮವರ ಹೆಸರೇ ಹೇಳಿದರೆ ಅದು ಇದನ್ನು ಹೊಡೆದು ಹಾಕಿ ಫೋನು ಬಂದದ್ದೇ ದಂಡವಂತೆ. ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ. ನಿನ್ನ ಮಗಳ ಹೆಸರು, ಅದರ ಮುಂದೆ "ನೀಲಿ". ನಾನು ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದೇನೆ.

ನಮ್ಮ ಮನೆಗೆ ಫೋನು ಬಾರದಿರಲಿ ಅಂತ ಊದುಕಡ್ಡಿ ಹಚ್ಚಿದೆ. ಮಗನಿಗೆ ಕೆಟ್ಟದ್ದು ಕೇಳಿದ ಹಾಗಾಯಿತೇ ಅಕ್ಕಾ?

ಗ್ವೆಲಿ


ಜನವರಿ ೪
ಪೇಮೆನ್

ಗ್ವೆಲಿ,

ಊದುಕಡ್ಡಿಗೆ ಅಷ್ಟು ಶಕ್ತಿ ಇದ್ದಿದ್ದರೆ ನಮ್ಮ ಮೀನಿಗೆ ಚಳಿಯೇ ಆಗುತ್ತಿರಲಿಲ್ಲ. ಮಲಗಿ ನಿದ್ದೆ ಮಾಡು.

ಚೀಟಿ ನಮಗೂ ಬಂದಿದೆ. ಹೆಸರು ಮಾತ್ರ ಅತ್ತಿತ್ತ. ಮೇಷ್ಟ್ರು ನನ್ನ ಗಂಡನಿಗೆ ಪಾಠ ಮಾಡಿದರು. "ಬುನ್‌ಹೋ ನಿಂತರೆ ಅಂತ ಕೇಳಿದಾಗ ನೀಲಿಯವನ ಹೆಸರು ಹೇಳಿ ಯಜಮಾನ್ರೇ."

"ನಮ್ಮ ಮಾವನ ಕಿವಿ ಒಡೆದೋರ ಪಕ್ಷದ ಹೆಸರು ನನ್ನ ಬಾಯಲ್ಲಿ ಹೇಳಿಸ್ತೀರಾ?"

"ಫೋನಲ್ಲಿ ಮಾತ್ರ. ನಿಜವಾದ ಓಟಲ್ಲ."

"ಫೋನಲ್ಲಿ ಮಾತ್ರ ಅಂತ ನಿಮ್ಮ ಹೆಂಡತಿಗೆ ಒಂದು ಸಲ ಬೈದು ನೋಡಿ. ರಾತ್ರಿ ಊಟ ಸಿಗುತ್ತಾ ಅಂತ ನನಗೆ ಬಂದು ಹೇಳಿ."

ಮೇಷ್ಟ್ರು ಟೀ ಕುಡಿದು ಹೋದರು. ನನ್ನ ಅಪ್ಪ ನಿನಗೆ ನೆನಪಿದ್ದಾನಲ್ಲ. ನೀಲಿಯವರ ಆಳ್ವಿಕೆಯ ಆ ಕಾಲದಲ್ಲಿ ಪೊಲೀಸರು ಕರೆದುಕೊಂಡು ಹೋಗಿ ಹೊಡೆದು ಬಿಟ್ಟು ಕಳಿಸಿದ ಮೇಲೆ, ಮಾತಾಡಿಸಬೇಕಾದರೆ ಎಡಗಡೆಯಿಂದ ಹೋಗಿ ಭುಜ ಮುಟ್ಟಬೇಕಿತ್ತು. ಅವನು ಇದ್ದಿದ್ದರೆ ಈ ಚೀಟಿಗೆ ಏನು ಅನ್ನುತ್ತಿದ್ದನೋ. ಮೊಮ್ಮಗಳಿಗಾಗಿ ನೀಲಿ ಅನ್ನುತ್ತಿದ್ದನೇನೋ. ಗೊತ್ತಿಲ್ಲ.

ನಾನು ಹೇಳುವುದು ಹೇಳಿಬಿಡುತ್ತೇನೆ, ಆಮೇಲೆ ನೀನು ಕೊರಗಬೇಡ. ನಮ್ಮ ಮನೆಗೆ ಫೋನು ಬಂದರೆ ನಾನು ಚೀಟಿಯಲ್ಲಿ ಇದ್ದ ಹಾಗೆ ಹೇಳುತ್ತೇನೆ. ಎರಡನೇ ಪ್ರಶ್ನೆಗೂ. ಪೆಖುನ್ ಸೋತರೆ ಅವಳ ಅಪ್ಪ "ನಾನು ಹೇಳಲಿಲ್ಲವೇ" ಅಂತ ಒಂದು ಮಾತು ಆಡುತ್ತಾರೆ, ಅವಳು ಮತ್ತೆ ಈ ಮನೆ ಮೆಟ್ಟಿಲು ಹತ್ತುವುದಿಲ್ಲ. ಇಬ್ಬರೂ ಒಂದೇ ಹಠದವರು. ಒಪ್ಪಂದ ಹಾಳಾಗಲಿ, ಸೀಟು ಹಾಳಾಗಲಿ, ನನಗೆ ಮಗಳು ಬೇಕು. ನೀನು ನಿನ್ನ ಮಗನಿಗಾಗಿ ಹಾಗೆ ಹೇಳಿದರೂ ನಾನು ಬೇರೆ ತಿಳಿಯುವುದಿಲ್ಲ.

ಎಲ್ಲ ಮುಗಿಯುವ ತನಕ ಬರೆಯುವುದು ಬೇಡ. ಅಂಚೆಯವನೂ ಹಸಿರು ಟೋಪಿ ಹಾಕಿಕೊಂಡು ತಿರುಗುತ್ತಿದ್ದಾನೆ, ಯಾರ ಕಡೆ ಅಂತ ಗೊತ್ತಿಲ್ಲ.

ಕಿಮ್ಚೋಕ್


ಹನ್ನೆರಡನೇ ತಿಂಗಳು, ಐದು
ಬಂದರು

ಅಕ್ಕಾ,

ನೀನು ಬರೆಯಬೇಡ ಅಂದೆ, ನಾನು ಬರೆಯುತ್ತಿದ್ದೇನೆ. ನಾಳೆಯಿಂದ ಫೋನು ಶುರು. ಸಂಜೆ ಊಟದ ಹೊತ್ತಿಂದ ಯಾರೂ ಕದಲುವ ಹಾಗಿಲ್ಲ, ಸ್ನಾನವೂ ಬೇಡ ಅಂದಿದ್ದಾಳೆ ಕಚೇರಿಯವಳು. ಟಿ.ವಿ.ಯಲ್ಲಿ ಚಳಿಗಾಳಿ ಬರುತ್ತದೆ ಅಂತ ಹೇಳಿದರು. ಉತ್ತರದ ಕಡೆ ಆಗಲೇ ಬಂದಿದೆಯಂತೆ. ನಿಮ್ಮ ಕೊಳದಲ್ಲಿ ಚಳಿಗಾಲಕ್ಕೆ ಇಟ್ಟುಕೊಂಡ ಅರೆ ಬೆಳೆದ ಮೀನು ಇದೆಯಲ್ಲ, ಗಾಳಿಗೆ ಮರೆ ಕಟ್ಟಿದಿರಾ? ನೀವೂ ಎಲ್ಲ ಫೋನಿನ ಮುಂದೆ ಕೂತುಬಿಟ್ಟರೆ ಬೆಚ್ಚಗಿನ ಬಾವಿ ನೀರು ಬಿಡಲು ಪಂಪು ಹಾಕುವವರು ಯಾರು? ಹೂಮೀನಿಗೆ ಚಳಿ ತಡೆಯುವುದಿಲ್ಲ. ಒಪ್ಪಂದ ಬೇಕೋ ಬೇಡವೋ ಅಂತ ಅದು ನೋಡುವುದಿಲ್ಲ.

ಇದು ನಿನಗೆ ತಲುಪುವಷ್ಟರಲ್ಲಿ ಗಾಳಿ ಬಂದಾಗಿರುತ್ತದೆ. ಆದರೂ ಬರೆದೆ.

ಗ್ವೆಲಿ


ಹನ್ನೆರಡನೇ ತಿಂಗಳು, ಹದಿನಾಲ್ಕು
ಬಂದರು

ಅಕ್ಕಾ,

ಬುನ್‌ಹೋ ಗೆದ್ದ. ನಿನಗೆ ಗೊತ್ತೇ ಇದೆ. ನಿನ್ನೆ ಇಲ್ಲಿ ಪಟಾಕಿ ಹೊಡೆದರು. ನಾನು ಹೊರಗೆ ಬಂದು ಎಲ್ಲರಿಗೂ ಕೈ ಮುಗಿದು ಒಳಗೆ ಬಂದೆ. ನೂರಕ್ಕೆ ಒಂದರಷ್ಟೂ ಅಂತರವಿಲ್ಲ, ಕೂದಲೆಳೆ. ಎರಡೋ ಮೂರೋ ಮನೆ ಬೇರೆ ಹೇಳಿದ್ದರೆ ಪೆಖುನೇ ಗೆಲ್ಲುತ್ತಿದ್ದಳು ಅಂತ ಕಚೇರಿಯವಳು ನಗುತ್ತಾ ಹೇಳಿದಳು. ಆ ಎರಡು ಮೂರರಲ್ಲಿ ಒಂದು ಯಾವ ಮನೆ ಅಂತ ನನಗೆ ಗೊತ್ತು.

ಇದನ್ನು ಬರೆಯದೆ ಹೊಸವರ್ಷಕ್ಕೆ ಮನೆ ಗುಡಿಸಲಾರೆ. ನೀನು ಕೊನೆಯ ತನಕ ಓದು.

ಚಳಿಗಾಳಿ ಬಂದ ಆ ಸಂಜೆ ನಾನು ನಿಮ್ಮಲ್ಲಿಗೆ ಹೇಗೆ ಬಂದೆ ಅಂತ ನಿನಗೆ ಗೊತ್ತು. ಪೇಮೆನ್ನಿನ ಕೊಳಗಳಲ್ಲಿ ಮೀನು ಮರಗಟ್ಟುತ್ತಿದೆ, ಸಾಯುವ ಮೊದಲು ಹಿಡಿದು ಮುಳ್ಳು ತೆಗೆಯಬೇಕು, ಯಾರು ಬರುತ್ತೀರಿ ಅಂತ ಶೆಡ್ಡಿನ ಯಜಮಾನ ಕೂಗಿದ. ನಮ್ಮ ಮನೆ ಫೋನಿನ ಮುಂದೆ ಸೊಸೆಯನ್ನು ಕೂರಿಸಿ ಬೊಂಗ್‌ಚಿ ಜೊತೆ ಲಾರಿ ಹತ್ತಿದೆ. ನೀನು ಸೊಂಟದವರೆಗೆ ನೀರಲ್ಲಿ ನಿಂತು ಬಲೆ ಎಳೆಯುತ್ತಿದ್ದೆ. ನನ್ನನ್ನು ನೋಡಿ, "ಬಂದ್ಯಾ? ಚಾಕು ತಂದಿದೀಯಾ?" ಅಂದೆ. ಅಷ್ಟೇ. ಎಷ್ಟು ತಿಂಗಳಾದ ಮೇಲೆ ನೋಡಿದ್ದು, ಅಷ್ಟೇ ಅಂದದ್ದು. ನನಗೆ ಅಳು ಬಂತು, ಚಳಿಗೆ ಅಂದುಕೊಳ್ಳಲಿ ಅಂತ ಮೂಗು ಒರೆಸಿಕೊಂಡೆ.

ನಿನ್ನ ತುಟಿ ನೀಲಿಯಾಗಿತ್ತು. ಶುಂಠಿ ಬೆಲ್ಲ ಕುದಿಸಿ ತರುತ್ತೇನೆ ಅಂತ ನಾನು ನಿಮ್ಮ ಅಡುಗೆಮನೆಗೆ ಹೋದೆ. ಆಗ ಫೋನು ಬಂತು.

ಬಾಗಿಲಿಗೆ ಓಡಿ "ಅಕ್ಕಾ, ಫೋನು!" ಅಂತ ಕೂಗಿದೆ. ಪಂಪಿನ ಸದ್ದಿಗೆ ಯಾರಿಗೂ ಕೇಳಲಿಲ್ಲ. ನಿನ್ನ ಅತ್ತೆ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು, ಅವರಿಗೂ ಕಿವಿ ಕೇಳುವುದಿಲ್ಲ. ಬಿಟ್ಟರೆ ನಿಂತುಹೋಗುತ್ತದೆ, ಅದು ನಿಮ್ಮ ಲಾಟರಿ. ಎತ್ತಿದೆ.

ಹುಡುಗಿಯ ದನಿ. ನೀವು ಈ ಕ್ಷೇತ್ರದ ಮತದಾರರಾ ಅಂದಳು. ಹೌದು ಅಂದೆ, ಅದು ಸುಳ್ಳಲ್ಲ. ಒಂದು ನಿಮಿಷ ಇರಮ್ಮಾ, ಮನೆಯವರನ್ನು ಕರೆಯುತ್ತೇನೆ ಅಂದೆ. "ಎತ್ತಿದವರೇ ಹೇಳಬೇಕು ಅಜ್ಜಿ, ಬೇರೆಯವರಿಗೆ ಕೊಡೋ ಹಾಗಿಲ್ಲ" ಅಂದಳು. ವಯಸ್ಸು ಕೇಳಿದಳು. ಇಪ್ಪತ್ತೈದು ಅನ್ನುವುದು ಮರೆತೇಹೋಯಿತು, ಇದ್ದದ್ದೇ ಹೇಳಿದೆ, ಮುದುಕರ ಲೆಕ್ಕ ಇನ್ನೂ ತುಂಬಿರಲಿಲ್ಲವೇನೋ.

ಎದುರಿಗೆ ನಿಮ್ಮ ಚೀಟಿ. ನಮ್ಮನೆಯದೇ ಕೆಂಪು ಶಾಯಿ, ನನ್ನ ಮಗನ ಹೆಸರು, ಅದರ ಮುಂದೆ "ನೀಲಿ".

ಮೊದಲು ಪೆಖುನ್ ಬಗ್ಗೆ ಕೇಳಿದಳು. ಪೆಖುನೂ ನೀಲಿಯವನೂ ನಿಂತರೆ ಯಾರಿಗೆ? ನಮ್ಮ ಮನೆಯ ಚೀಟಿಯ ಪ್ರಕಾರ ನಾನು ನೀಲಿ ಅನ್ನಬೇಕಿತ್ತು. ನೆನಪಿರಲಿಲ್ಲ ಅಂತಲ್ಲ ಅಕ್ಕಾ, ನೆನಪಿತ್ತು. ಆದರೆ ನಾನು ನಿಂತದ್ದು ನಿಮ್ಮ ನೆಲ, ಹಿಡಿದದ್ದು ನಿಮ್ಮ ಫೋನು, ಒಲೆಯ ಮೇಲೆ ನಿಮ್ಮ ಪಾತ್ರೆ. "ಪೆಖುನ್" ಅಂದೆ.

ಆಮೇಲೆ ಎರಡನೆಯದು. ಬುನ್‌ಹೋ ಮತ್ತು ನೀಲಿಯವನು ನಿಂತರೆ? ನಿನ್ನ ಮನೆಯ ಫೋನಿಗೆ ನಿನ್ನ ಉತ್ತರ ಏನು ಅಂತ ನೀನು ನನಗೆ ಬರೆದು ತಿಳಿಸಿದ್ದೆ. ಚೀಟಿಯಲ್ಲೂ ಇತ್ತು. ಒಂದು ಮಾತು ಅಂದಿದ್ದರೆ ನಿನ್ನ ಋಣ ತೀರುತ್ತಿತ್ತು. "ಅಜ್ಜೀ? ಕೇಳಿಸ್ತಿದೆಯಾ?" ಅಂದಳು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಎದುರಿಗೆ, ನಿನ್ನ ಅಪ್ಪನ ಕಿವಿ ಕಳೆದವರ ಹೆಸರು. ಎರಡೂ ಕಡೆಯಿಂದ ನನಗೆ ಆಗಲಿಲ್ಲ.

"ಬುನ್‌ಹೋ" ಅಂದೆ.

ಧನ್ಯವಾದ ಅಂದಳು, ಇಟ್ಟಳು. ಶುಂಠಿ ನೀರು ಉಕ್ಕಿ ಒಲೆ ಆರಿತ್ತು. ಮತ್ತೆ ಹಚ್ಚಿ ಕುದಿಸಿ ತಂದೆ. ನೀನು ಕುಡಿದು, "ಯಾಕೇ, ಶುಂಠಿ ಹೆಚ್ಚಾಗಿದೆ" ಅಂದೆ. ಆಗಲೇ ಹೇಳಬೇಕಿತ್ತು. ಕೈ ತುಂಬ ಮೀನು ಇತ್ತು, ಮೇಜಿನ ಸುತ್ತ ಜನ ಇದ್ದರು, ಅದೆಲ್ಲ ನೆಪ.

ನಿನಗೆ ಬಂದ ಒಂದೇ ಒಂದು ಫೋನು ದಂಡವಾಯಿತು. ಪೆಖುನ್ ಮನೆಗೆ ಬಂದಳಾ? ಅವಳ ಅಪ್ಪ ಆ ಮಾತು ಆಡಿದರಾ? ಇದನ್ನು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಗ್ವೆಲಿ


ಮೂರನೇ ತಿಂಗಳು, ಸಮಾಧಿ ಗುಡಿಸುವ ಹಬ್ಬ ಕಳೆದ ಮೇಲೆ
ಬಂದರು

ಅಕ್ಕಾ,

ಈಗ ಫೋನು ಮಾಡಬಹುದು, ಯಾರೂ ಬೇಡ ಅನ್ನುವುದಿಲ್ಲ. ದಿನಾ ಸಂಜೆ ಹತ್ತಿರ ಹೋಗಿ ಕೂರುತ್ತೇನೆ. ನಂಬರು ಒತ್ತಿ ನೀನು ಎತ್ತಿ ಸುಮ್ಮನಿದ್ದುಬಿಟ್ಟರೆ ಅನ್ನುವ ಹೆದರಿಕೆಗೆ ಎದ್ದುಬಿಡುತ್ತೇನೆ. ಕಾಗದಕ್ಕೆ ಉತ್ತರ ಬರದಿದ್ದರೆ ಅಂಚೆಯವನನ್ನು ಬೈಯಬಹುದು. ಈಚೆಗೆ ಅವನನ್ನು ಬಹಳ ಬೈದೆ.

ಬುನ್‌ಹೋ ಹೊಸದೊಂದು ಭಾಷಣ ಮಾಡಿದ, ನೀವು ಕೇಳಿರುತ್ತೀರಿ. ಇಡೀ ಒಪ್ಪಂದವೇ ಬೇಡವಂತೆ, ಮೀನಿನ ಭಾಗವೂ ಸೇರಿ. ಊರುಕೇರಿಯ ಹುಡುಗರೆಲ್ಲ ಬೇಡ ಅನ್ನುತ್ತಿದ್ದಾರೆ, ಅವರ ಓಟಿಲ್ಲದೆ ನೀಲಿಯವನನ್ನು ಸೋಲಿಸಲಾಗುವುದಿಲ್ಲವಂತೆ. ಪೆಖುನ್ ಹೇಳುತ್ತಿದ್ದ ಮಾತೇ, ಅಕ್ಷರಕ್ಕೆ ಅಕ್ಷರ. ಜನ ಚಪ್ಪಾಳೆ ಹೊಡೆದರು. "ಹಾಗಾದರೆ ಆ ಹುಡುಗಿಯನ್ನ ಯಾಕಪ್ಪಾ ಸೋಲಿಸಿದೆ?" ಅಂದೆ ನಾನು. ಅನ್ನ ಬಡಿಸುತ್ತಾ ಅಂದೆ. "ಅಮ್ಮಾ, ನಿನಗೆ ಇದೆಲ್ಲ ಅರ್ಥ ಆಗಲ್ಲ" ಅಂದ. ಆಗುವುದಿಲ್ಲ, ನಿಜ.

ಕೊಳ್ಳುವವರು ಈ ಸಲ ಬೆಲೆ ಬರೆದುಕೊಡಲು ಬಂದರಾ? ಯಾರನ್ನು ಕೇಳಲಿ.

ಗ್ವೆಲಿ


ಜುಲೈ ೨೮
ಪೇಮೆನ್

ಗ್ವೆಲಿ,

ಅಂಚೆಯವನನ್ನು ಬೈಯಬೇಡ. ನಿನ್ನ ಮೂರು ಕಾಗದವೂ ಬಂದಿವೆ, ಅಕ್ಕಿ ಡಬ್ಬದ ಹಿಂದೆ ಇವೆ.

ಕೊಳ್ಳುವವರು ಬರಲಿಲ್ಲ. ಬುನ್‌ಹೋ ಭಾಷಣದಿಂದಲೋ, ಅವರ ಊರಲ್ಲಿ ಮುಳ್ಳಿನ ಮೀನು ಯಾರಿಗೂ ಬೇಡವಾಗಿಯೋ, ನನಗೆ ಗೊತ್ತಿಲ್ಲ. ನನ್ನ ಗಂಡ ರಸ್ತೆ ನೋಡುತ್ತಾ ಒಂದು ತಿಂಗಳು ಕೂತರು, ಆಮೇಲೆ ಎದ್ದು ಕೊಳಕ್ಕೆ ಹೋದರು. ಪೆಖುನ್ ಸೋತ ದಿನವೇ ಮನೆಗೆ ಬಂದಳು. ಅವಳ ಅಪ್ಪ ಆ ಮಾತು ಆಡಲಿಲ್ಲ. "ಚಳಿಗೆ ಸತ್ತ ಮೀನು ಹೂಳಬೇಕು, ಬಾ" ಅಂತ ಸಲಿಕೆ ಕೊಟ್ಟರು. ಇಬ್ಬರೂ ಕತ್ತಲಾಗುವ ತನಕ ಅಗೆದರು. ಈಗ ಊಟಕ್ಕೆ ಒಟ್ಟಿಗೆ ಕೂರುತ್ತಾರೆ. ಮಾತು ಇನ್ನೂ ಕಡಿಮೆ. ಗುಡಿಸಲ ಬಾಗಿಲಿನ ಚಿತ್ರ ಬಿಸಿಲಿಗೆ ಬಿಳಿಚಿದೆ, ತೆಗೆಯಲು ಬಿಡುವುದಿಲ್ಲ.

ಫೋನಿನ ವಿಷಯ ನಾನು ಯಾರಿಗೂ ಹೇಳಿಲ್ಲ. ಹೇಳುವುದೂ ಇಲ್ಲ.

ನಾನು ಯಾಕೆ ಬರೆಯಲಿಲ್ಲ ಅಂತ ನೀನು ಏನೇನು ಅಂದುಕೊಂಡಿರುತ್ತೀ ಅಂತ ಊಹಿಸಬಲ್ಲೆ. ನೀನು "ಬುನ್‌ಹೋ" ಅಂದದ್ದಕ್ಕೆ ಅಂತ. ಅದಕ್ಕಲ್ಲ ಹುಚ್ಚೀ. ಅದಕ್ಕೆ ಸಿಟ್ಟು ಬಂದದ್ದು ಒಂದು ರಾತ್ರಿ. ಬೆಳಿಗ್ಗೆ ಎದ್ದು ಉದ್ದದ ಬಲೆ ಒಗೆಯುವಷ್ಟರಲ್ಲಿ ಹೋಯಿತು.

ಹೋಗದೆ ಉಳಿದದ್ದು ನಿನ್ನ ಮೊದಲನೇ ಉತ್ತರ, ನೀನು "ಪೆಖುನ್" ಅಂದದ್ದು.

ನಾನು ಎಷ್ಟೋ ಸಲ ನಿನ್ನ ಅಡುಗೆಮನೆಯಲ್ಲಿ ನಿಂತು ನೋಡಿದೆ, ಮನಸ್ಸಿನಲ್ಲಿ. ನಿಮ್ಮ ಮನೆಯಲ್ಲಿ ಫೋನು ಬರುತ್ತದೆ, ನೀನು ಹೊರಗಿದ್ದೀಯ, ನಾನು ಎತ್ತುತ್ತೇನೆ. ಆಗ ನಾನು ಪೆಖುನ್ ಅನ್ನುತ್ತೇನೆ. ಬುನ್‌ಹೋಗೆ ನೀಲಿ ಅನ್ನುತ್ತೇನೆ. ಇಟ್ಟು, ಹೊರಗೆ ಬಂದು, ನಿನ್ನ ಶುಂಠಿ ನೀರು ಕುಡಿದು, ಯಾರ ಫೋನೂ ಬಂದಿರಲಿಲ್ಲ ಅನ್ನುತ್ತೇನೆ. ಪ್ರತಿ ಸಲ ನೋಡಿದರೂ ಅದೇ. ಬೇರೆ ಥರ ಮಾಡಲು ನೋಡಿದೆ, ಆಗಲಿಲ್ಲ. ನಿನಗೆ ಚಾಕು ಹಿಡಿಯಲು ಕಲಿಸಿದವಳು ನಾನು, ದೊಡ್ಡವಳು ನಾನು, ಯಾವಾಗಲೂ ನೀನು ಹೆದರುವವಳು, ನಾನು ಧೈರ್ಯ ಹೇಳುವವಳು. ಹಾಗಿರುವಾಗ ಇದನ್ನು ನಿನಗೆ ಬರೆಯಲು ಕೈ ಬರಲಿಲ್ಲ. ಬರೆಯದೆ ಬೇರೆ ಏನು ಬರೆದರೂ ಸುಳ್ಳಾಗುತ್ತಿತ್ತು. ಅದಕ್ಕೆ ಇಷ್ಟು ದಿನ ಹಿಡಿಯಿತು.

ಈಗ ಬರೆದೆ. ಇದರ ಮೇಲೆ ನೀನು ಅಳುತ್ತಾ ನಾಲ್ಕು ಪುಟ ಬರೆಯಬೇಡ.

ಆ ಸಂಜೆ ಬದುಕಿದ ಮೀನು ಈಗ ಮೊಣಕೈ ಉದ್ದ ಆಗಿದೆ. ಬೇಗ ಬೆಳೆದಿದೆ, ಚಳಿ ದಾಟಿದ್ದಲ್ಲವೇ. ಇಡಿಯಾಗಿ ಕೊಳ್ಳುವವರಿಲ್ಲ. ಮುಳ್ಳು ತೆಗೆದು ಕೊಟ್ಟರೆ ಪಟ್ಟಣದ ಅಂಗಡಿಗಳು ತೆಗೆದುಕೊಳ್ಳುತ್ತವೆ ಅಂತ ಪೆಖುನ್ ವಿಚಾರಿಸಿಕೊಂಡು ಬಂದಿದ್ದಾಳೆ. ಹಿಂದಿನ ಚಪ್ಪರದಲ್ಲಿ ಎರಡು ಉದ್ದ ಮೇಜು ಹಾಕಿಸಿದ್ದೇನೆ. ಕೂರುವವರು ಬೇಕು. ಬೊಂಗ್‌ಚಿಯನ್ನೂ ಕರೆದುಕೊಂಡು ಬಾ, ಹಲ್ಲು ಬಂದಿರಲಿ ಬಿಡಲಿ.

ನನ್ನ ಚಾಕು ಮೊಂಡಾಗಿದೆ, ನಿನ್ನದು ತಾ. ಹೊರಡುವ ಮೊದಲು ಫೋನು ಮಾಡು. ನಾನೇ ಎತ್ತುತ್ತೇನೆ.

ಕಿಮ್ಚೋಕ್